ಮೊಣಕೈವರೆಗಿನ ಇತಿಹಾಸ

ಹಳೆಯ ಕಟ್ಟಡವೊಂದರ ವಿಚಾರ ಕೇಳಿಕೊಂಡು ಹೊರಟರೆ ಜನ ಆ ಕಟ್ಟಡವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಾರೆ. ನನಗೆ ಇದು ಒಂದು ದಿನ ಆಗಿದ್ದಲ್ಲ, ಹದಿನೈದು ದಿನ ಬಿಡದೆ ಆಯಿತು.

ನಾನು ನಂಜನಗೂಡಿನಲ್ಲಿ ಹಿರಿಯ ಆರೋಗ್ಯ ಸಹಾಯಕಿ. ಸುತ್ತಲ ಹಳ್ಳಿಗಳ ಅರ್ಧ ಜನಕ್ಕೆ ಚಿಕ್ಕಂದಿನಲ್ಲಿ ಸೂಜಿ ಚುಚ್ಚಿದವಳು ನಾನೇ. ರಿಟೈರಾಗಲು ಇನ್ನು ಮೂರು ತಿಂಗಳಿದೆ. ನಾನು ಕೆಲಸ ಮಾಡುವ ಆಸ್ಪತ್ರೆಯ ಹಿಂದೆ ಹೆಂಚಿನ ಮಾಡಿನ, ದಪ್ಪ ಗೋಡೆಯ ಒಂದು ಕಟ್ಟಡವಿದೆ. ಊರಿನವರ ಬಾಯಲ್ಲಿ ಅದು ‘ಹಳೇ ಮೆಡಿಕಲ್ ಸ್ಕೂಲು’. ಮಹಾರಾಜರ ಕಾಲದಲ್ಲಿ ಶುರುವಾಗಿ, ಆಮೇಲೂ ಕೆಲವು ವರ್ಷ ನಡೆದು ನಿಂತುಹೋದ ಶಾಲೆ. ಅಲ್ಲಿ ದೊಡ್ಡ ಡಾಕ್ಟರುಗಳನ್ನೇನೂ ತಯಾರು ಮಾಡುತ್ತಿರಲಿಲ್ಲ. ಔಷಧಿ ಬೆರೆಸುವ ಕಾಂಪೌಂಡರು, ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರು, ಹೆರಿಗೆ ಮಾಡಿಸುವ ಸೂಲಗಿತ್ತಿಯರು, ಇಷ್ಟೇ. ಈಗ ಅದರೊಳಗೆ ಮುರಿದ ಮಂಚಗಳೂ ಹಳೆಯ ಸೊಳ್ಳೆಪರದೆಗಳೂ ಇವೆ.

ಒಂದು ದಿನ ನಮ್ಮ ಡಾಕ್ಟರು ಕರೆದರು. ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು.

“ಸಿಸ್ಟರ್, ಆ ಕಟ್ಟಡ ಕೆಡವಿ ಪಾರ್ಕಿಂಗ್ ಮಾಡ್ತಾರಂತೆ. ಹಳೇದು, ಉಳಿಸಿ ಅಂತ ಕೇಳೋದಾದ್ರೆ ಹದಿನೈದು ದಿನದೊಳಗೆ ಅದರ ಇತಿಹಾಸ ಬರೆದು ಕೊಡಬೇಕು. ಒಂದು ಪುಟ ಸಾಕು. ನಮ್ಮಲ್ಲಿ ಎಲ್ಲರಿಗಿಂತ ಹಳಬರು ನೀವೇ ಅಲ್ವಾ?”

ಕಾಂಪೌಂಡಿನೊಳಗೆ ಆ ಕಟ್ಟಡ ಬಿಟ್ಟರೆ ಹಳೆಯದು ನಾನೇ ಎಂದು ಅವತ್ತು ಗೊತ್ತಾಯಿತು.

ಬೇರೆ ಕಟ್ಟಡವಾಗಿದ್ದರೆ ಆಗಲ್ಲ ಎಂದುಬಿಡುತ್ತಿದ್ದೆ. ಆದರೆ ನಮ್ಮವ್ವ ಕಲಿತದ್ದು ಅಲ್ಲಿ. ಅವಳು ಹದಿನಾರು ಎನ್ನುವ ಊರಿನ ಸೂಲಗಿತ್ತಿ. ಬದುಕಿನಲ್ಲಿ ಹೊಸಿಲು ದಾಟಿ ಒಳಗೆ ಹೋದ ಶಾಲೆ ಅದೊಂದೇ. ಓದು ಬರಹ ಬರುತ್ತಿರಲಿಲ್ಲ. ಕೊಟ್ಟಿದ್ದ ಸರ್ಟಿಫಿಕೇಟನ್ನು ಗೆದ್ದಲು ತಿಂದಿತು. ಅವಳೂ ಹೋಗಿ ಹನ್ನೊಂದು ವರ್ಷವಾಯಿತು. ಆ ಗೋಡೆಗಳೂ ಬಿದ್ದರೆ ನಮ್ಮವ್ವ ಒಂದು ಕಾಲದಲ್ಲಿ ವಿದ್ಯಾರ್ಥಿನಿಯಾಗಿದ್ದಳು ಎನ್ನುವುದಕ್ಕೆ ಈ ಭೂಮಿಯ ಮೇಲೆ ಯಾವ ಗುರುತೂ ಉಳಿಯುವುದಿಲ್ಲ. ಅದಕ್ಕೇ ಒಪ್ಪಿಕೊಂಡೆ.

ಸರತಿಯಲ್ಲಿ ಒಬ್ಬರೇ

ಇತಿಹಾಸವನ್ನು ಒಳಗಿನಿಂದಲೇ ಶುರು ಮಾಡೋಣವೆಂದು ಮಾರನೆಯ ದಿನ ಬೆಳಿಗ್ಗೆ ಬೀಗದ ಕೈ ಹಿಡಿದು ಹೋದೆ. ಜಗಲಿಯ ಮೇಲೆ ಒಬ್ಬ ಮುದುಕರು ಕೂತಿದ್ದರು. ಪಕ್ಕದಲ್ಲಿ ಟವೆಲ್ಲು ಹಾಸಿ ಇನ್ನೊಬ್ಬರಿಗೆ ಜಾಗ ಹಿಡಿದಿದ್ದರು.

“ಯಾರಿಗೆ ಹುಷಾರಿಲ್ಲ ತಾತ?”

“ನಮ್ಮನೇವ್ಳಿಗೆ ಕಣವ್ವ, ಒಟ್ಟೆನೋವು. ಟೀ ಕುಡ್ಕಬತ್ತೀನಿ ಅಂತ ಓಗವ್ಳೆ.”

“ಆಸ್ಪತ್ರೆ ಮುಂದುಗಡೆ ಇದೆ. ಇದು ಸ್ಟೋರ್ ರೂಮು.”

“ನಮ್ಮಪ್ಪ ಇಲ್ಲೇ ತೋರುಸ್ತಿದ್ದುದ್ದು. ಇಲ್ಲಿ ಔಸ್ದಿ ಕೊಟ್ರೆ ಮೂರು ದಿನುಕ್ಕೆ ವಾಸಿ.”

“ಇಲ್ಲಿ ಡಾಕ್ಟ್ರು ಕೂತು ನಿಮ್ಮ ಮಕ್ಕಳ ವಯಸ್ಸಷ್ಟು ಕಾಲ ಆಯ್ತು ತಾತ. ಯಾರೂ ಬರಲ್ಲ.”

ಅವರು ನನ್ನನ್ನೂ ಬೀಗವನ್ನೂ ನೋಡಿ, ಟವೆಲ್ಲನ್ನು ಇನ್ನೊಂದು ಸಲ ಸರಿಯಾಗಿ ಹಾಸಿ, “ಬರ್ಲಿ ಬುಡವ್ವ, ಕಾಯ್ತೀವಿ. ನಮುಗೇನು ಅರ್ಜೆಂಟಿಲ್ಲ” ಎಂದರು.

ಮೂರು ಗುರುತು

ಒಳಗೆ ಒಂದು ಕಾಗದವೂ ಸಿಗಲಿಲ್ಲ. ಆ ಶಾಲೆಯಲ್ಲಿ ಕಲಿತ ಕಾಂಪೌಂಡರೊಬ್ಬರು ತಿ. ನರಸೀಪುರದಲ್ಲಿ ಇನ್ನೂ ಇದ್ದಾರೆ ಎಂದು ಯಾರೋ ಹೇಳಿದರು. ಬಸ್ ಹತ್ತಿ ಹೋದೆ. ತೊಂಬತ್ತರ ಹತ್ತಿರದವರು. ಮಗ ನಡೆಸುವ ಔಷಧಿ ಅಂಗಡಿಯ ಮೂಲೆಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದರು. ಗಿರಾಕಿಗಳು ಮಗನ ಹತ್ತಿರ ಮಾತ್ರೆ ತೆಗೆದುಕೊಂಡು ಹೋಗುತ್ತಿದ್ದರು. ಇವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ನಾನು ಬಂದ ಕಾರಣ ಹೇಳಿದ ಕೂಡಲೇ ಅವರ ಬೆನ್ನು ನೆಟ್ಟಗಾಯಿತು.

ಹಿಂದಿನ ಕಾಲದಲ್ಲಿ ಆಸ್ಪತ್ರೆಗೆ ಹೋಗುವವರು ಮನೆಯಿಂದಲೇ ಬಾಟಲಿ ತರುತ್ತಿದ್ದರು. ಕಾಂಪೌಂಡರು ಅದಕ್ಕೆ ಕೆಂಪು ಔಷಧಿ ತುಂಬಿ, ಹೊರಗೆ ಕಾಗದದ ಪಟ್ಟಿ ಅಂಟಿಸಿ, ಅದರಲ್ಲಿ ಕತ್ತರಿಯಿಂದ ಗುರುತು ಮಾಡುತ್ತಿದ್ದರು. ಒಂದು ಹೊತ್ತಿಗೆ ಒಂದು ಗುರುತು. ನಲವತ್ತು ವರ್ಷ ಹಾಗೆ ಅಳೆದು ಕೊಟ್ಟ ಮನುಷ್ಯ ಮಾತನ್ನೂ ಹಾಗೇ ಅಳೆದರು. ಶಾಲೆಯ ಕಿಟಕಿಗಳ ಬಗ್ಗೆ ಅರ್ಧ ಗಂಟೆ ಹೇಳಿ, “ಇವತ್ತಿಗೆ ಇಷ್ಟು. ಒಂದು ಗುರುತು ಆಯ್ತು” ಎಂದರು.

“ಸಾರ್, ನಾನು ನಂಜನಗೂಡಿಂದ ಬಂದಿದ್ದೀನಿ. ಎಲ್ಲಾ ಒಂದೇ ಸಲ ಹೇಳಿಬಿಡಿ.”

“ಬಾಟ್ಲಿ ಪೂರ್ತಿ ಒಂದೇ ಸಲ ಕುಡುದ್ರೆ ಏನಾಯ್ತದೆ ಗೊತ್ತಾ ಸಿಸ್ಟರ್?”

ಎರಡನೆಯ ದಿನ ಬೆಂಚುಗಳ ಬಗ್ಗೆ ಹೇಳಿದರು. ಆ ದಿನ ಹೊರಡುವಾಗ ಸಣ್ಣ ದನಿಯಲ್ಲಿ, “ಎಲ್ಲಾ ಏಳ್ಬುಟ್ರೆ ನೀವು ತಿರುಗ ಬರ್ತೀರಾ?” ಎಂದು ಕೇಳಿದರು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಟುಬಿಟ್ಟೆ. ಬಸ್ಸಿನಲ್ಲಿ ಕೂತಮೇಲೆ ನನ್ನ ಮೇಲೇ ನಾಚಿಕೆಯಾಯಿತು.

ಮೂರನೆಯ ದಿನ ನನಗೆ ಬೇಕಾದ್ದು ಸಿಕ್ಕಿತು. ಸೂಲಗಿತ್ತಿಯರ ಕ್ಲಾಸಿಗೆ ಒಂದು ಕಟ್ಟುನಿಟ್ಟು ಇತ್ತಂತೆ. ಬಾಗಿಲಲ್ಲಿ ನೀರು, ಸೋಪು ಇಟ್ಟಿರುತ್ತಿದ್ದರು. ನೂರು ಎಣಿಸುವಷ್ಟು ಹೊತ್ತು ಮೊಣಕೈವರೆಗೆ ತಿಕ್ಕಿ ತೊಳೆದು, ಉಗುರು ತೋರಿಸಿ, ಆಮೇಲೆ ಒಳಗೆ ಕಾಲಿಡಬೇಕು. ತೊಂದರೆ ಏನೆಂದರೆ ಆ ಹೆಂಗಸರಲ್ಲಿ ಯಾರಿಗೂ ನೂರರವರೆಗೆ ಎಣಿಸಲು ಬರುತ್ತಿರಲಿಲ್ಲ.

“ಪಾಠ ಏಳ್ಕೊಡ್ತಿದ್ದ ಮೇಡಮ್ಮೋರು ಬಾಳ ಬುದ್ವಂತೆ. ನೂರು ಬ್ಯಾಡ, ನಿಮ್ಮ ನಿಮ್ಮ ಮನೆಯೋರ ಎಸ್ರು ಏಳ್ಕೊಂಡು ತೊಳೀರಿ ಅಂದ್ರು. ಅತ್ತೆ ಮಾವ, ಭಾವ ಮೈದ್ನ, ನಾದ್ನಿ, ಅವರ ಮಕ್ಕಳು. ಎಲ್ಲಾ ಏಳಿ ಮುಗ್ಸೋಷ್ಟ್ರಲ್ಲಿ ನೂರಾಗ್ತಿತ್ತು. ಆಗ ಮನೆಗಳು ಅಂಗಿದ್ದೊ. ಗಂಡನ ಎಸ್ರು ಮಾತ್ರ ಬಾಯಲ್ಲಿ ಏಳಂಗಿಲ್ವಲ್ಲ, ಅಲ್ಲಿ ಬಾಯಿ ಮುಚ್ಕೊಂಡು ತಿಕ್ಕೋರು.”

ನಮ್ಮವ್ವ ಸಾಯುವವರೆಗೂ ಕೈ ತೊಳೆಯುವಾಗ ನಮ್ಮ ಅಜ್ಜಿ, ತಾತ, ದೊಡ್ಡಪ್ಪ, ಚಿಕ್ಕಪ್ಪಂದಿರ ಹೆಸರು ಹೇಳುತ್ತಿದ್ದಳು. ನಡುವೆ ಒಂದು ಕಡೆ ಸುಮ್ಮನಾಗಿ, ಕೈಯನ್ನು ಮಾತ್ರ ತಿಕ್ಕಿ, ಮತ್ತೆ ಶುರು ಮಾಡುತ್ತಿದ್ದಳು. ಸತ್ತ ಹಿರಿಯರಿಗೆ ಏನೋ ಪ್ರಾರ್ಥನೆ ಇರಬೇಕು, ವಯಸ್ಸಾಯಿತಲ್ಲ, ನಡುವೆ ಮರೆತುಹೋಗುತ್ತದೆ ಎಂದುಕೊಂಡಿದ್ದೆ. ಮರೆತಿದ್ದಲ್ಲ, ಅದು ನಮ್ಮಪ್ಪ.

ನಾನು ಕಣ್ಣು ಒರೆಸಿಕೊಳ್ಳುವುದನ್ನು ಕಾಂಪೌಂಡರು ನೋಡಿದರು. ಮಗನ ಕಡೆ ತಿರುಗಿ, “ನೋಡ್ದೇನೋ? ಮೂರನೇ ಗುರುತಿಗೆ ಕೆಲ್ಸ ಮಾಡ್ತು” ಎಂದರು.

ಎರಡನೇ ಅಳಿಯಂದಿರ ಸಿಟ್ಟು

ಅವ್ವನ ಜೊತೆಯಲ್ಲಿ ಕಲಿತವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದಕ್ಕೆ ಕಾಂಪೌಂಡರು ಸೋಸಲೆಯ ಒಂದು ಮನೆ ಹೇಳಿದರು. ನಾನು ಹೋದ ದಿನ ಆ ಮನೆಯಲ್ಲಿ ಒಂಬತ್ತು ದಿನದ ಕೂಸು. ನೋಡೋಣವೆಂದು ಕೋಣೆಯ ಕಡೆ ಹೆಜ್ಜೆ ಇಟ್ಟೆ. ಮನೆಯ ಯಜಮಾನಿ ಅಡ್ಡ ನಿಂತರು.

“ಮೊಣಕೈ ಶಾಸ್ತ್ರ ಆಗದೆ ಒಳಿಕ್ಕೆ ಬಿಡಕಿಲ್ಲ ಕಣವ್ವ.”

“ನಾನು ಆಸ್ಪತ್ರೆಯೋಳು ಕಣ್ರಮ್ಮ.”

“ಯಾರಾದ್ರೂ ಸೈ. ನಮ್ಮ ಮನೆದೇವ್ರ ಕಟ್ಲೆ ಇದು.”

ಮೂವತ್ತು ವರ್ಷ ನಾನು ಊರೂರಲ್ಲಿ ಜನಕ್ಕೆ ಕೈ ತೊಳೆಯಿರಿ ಎಂದು ಬೊಬ್ಬೆ ಹೊಡೆದವಳು. ಅವತ್ತು ನನಗೇ ಚೊಂಬು, ಸೋಪು ಕೊಟ್ಟು ಬಚ್ಚಲ ಕಡೆ ತಿರುಗಿಸಿದರು. ಕೂಸಿನ ಅಪ್ಪ ಪಕ್ಕದಲ್ಲಿ ನಿಂತು ಕೈ ಹೇಗೆ ತಿಕ್ಕಬೇಕು ಎಂದು ತೋರಿಸುತ್ತ ಒಂದು ಹೆಸರಿನ ಸಾಲು ಹೇಳಿಕೊಟ್ಟ. ನಾನು ಹಿಂದೆ ಹಿಂದೆ ಹೇಳುತ್ತ ಹೋದೆ. ಹೆಮ್ಮಿಗೆ ಗೌರಮ್ಮ, ತಲಕಾಡು ಪುಟ್ಟನಂಜಮ್ಮ. ಮೂರನೆಯ ಹೆಸರಿಗೆ ನನ್ನ ಕೈಯಿಂದ ಸೋಪು ಜಾರಿತು. ಹದಿನಾರು ಸಣ್ಣತಾಯಮ್ಮ.

ಅದು ನಮ್ಮವ್ವ.

“ಇವರೆಲ್ಲ ಯಾರಪ್ಪ?” ಎಂದೆ.

“ನಮ್ಮ ವಂಶದ ಹಿರಿಯರು ಮೇಡಮ್. ಹದಿನೆಂಟು ಜನ ಹೆಣ್ಣು ದೇವರು.”

ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಇದನ್ನು ಕೇಳಿಸಿಕೊಂಡು ನಕ್ಕರು. ನಾನು ಹುಡುಕಿಕೊಂಡು ಬಂದಿದ್ದು ಅವರನ್ನೇ. ಯಜಮಾನಿಯ ಮಾವನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು, ಗಂಡನ ಮನೆಯವರು ಹೊರಗೆ ಹಾಕಿ, ತಮ್ಮನ ಮನೆಗೆ ಬಂದು ಸೂಲಗಿತ್ತಿ ಕೆಲಸ ಕಲಿತವರು. ನಾನು ಯಾರ ಮಗಳೆಂದು ಹೇಳಿದೆ. ನನ್ನ ಎರಡೂ ಕೈ ಹಿಡಿದು, ಮೊದಲು ಉಗುರು ನೋಡಿ, ಆಮೇಲೆ ಮುಖ ನೋಡಿದರು.

“ದೇವ್ರೂ ಇಲ್ಲ, ವಂಸಾನೂ ಇಲ್ಲ ಕಣ್ ಮಗ. ಮೇಡಮ್ಮೋರು ಮನೆಯೋರ ಎಸ್ರು ಏಳು ಅಂದ್ರು. ನಂಗೆ ಯಾರಿದ್ರು ಏಳಕೆ? ಅದುಕ್ಕೆ ಜೊತೇಲಿ ಕಲೀತಿದ್ದೋರ ಎಸ್ರು ಏಳ್ಕೊಂಡು ತೊಳೀತಿದ್ದೆ. ಇವು ಕೇಳ್ಕೊಂಡು ಬಾಯ್ಪಾಠ ಮಾಡ್ಕೊಂಡವೆ. ಬ್ಯಾಡ ಅಂದ್ರೂ ಕೇಳಕಿಲ್ಲ. ಎಂಗೂ ಕೈ ತೊಳೀತವಲ್ಲ ಅಂತ ಸುಮ್ಕಾದೆ.”

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಯಜಮಾನಿಗೆ ಮಾತ್ರ ಬೇರೆ ಚಿಂತೆ ಹತ್ತಿತು. ಹಣೆಗೆ ಕೈ ಇಟ್ಟುಕೊಂಡು ಕೂತುಬಿಟ್ಟರು. ವಿಷಯ ಏನೆಂದರೆ, ಅವರ ಎರಡನೇ ಅಳಿಯಂದಿರು ತಮ್ಮ ಕಡೆಯ ಹಿರಿಯರ ಹೆಸರನ್ನೂ ಆ ಸಾಲಿನಲ್ಲಿ ಸೇರಿಸಬೇಕೆಂದು ಕೇಳಿದ್ದರಂತೆ. ಇವರು, ವಂಶದವರಲ್ಲದವರ ಹೆಸರನ್ನು ಸೇರಿಸುವ ಹಾಗಿಲ್ಲ ಎಂದಿದ್ದರಂತೆ. ಅಳಿಯಂದಿರು ಸಿಟ್ಟು ಮಾಡಿಕೊಂಡು ಹೋದವರು ಈ ಕಡೆ ತಲೆ ಹಾಕಿ ಮೂರು ವರ್ಷವಾಗಿತ್ತು.

ದಾಖಲೆ ಎಲ್ಲಿ

ಒಂದು ಪುಟ ಬರೆದೆ. ಕಿಟಕಿ, ಬೆಂಚು, ಬಾಗಿಲಲ್ಲಿ ಇಡುತ್ತಿದ್ದ ನೀರು, ಗಂಡನ ಹೆಸರಿನ ಜಾಗದ ಮೌನ, ಸೋಸಲೆಯ ಹದಿನೆಂಟು ಹೆಸರು, ಎಲ್ಲವೂ ಇತ್ತು. ಡಾಕ್ಟರು ಪೂರ್ತಿ ಓದಿದರು. ಕನ್ನಡಕ ತೆಗೆದರು.

“ಚೆನ್ನಾಗಿದೆ ಸಿಸ್ಟರ್. ನಿಜವಾಗ್ಲೂ ಚೆನ್ನಾಗಿದೆ. ಆದ್ರೆ ದಾಖಲೆ ಎಲ್ಲಿ? ಸ್ಕೂಲು ಅಂದ್ಮೇಲೆ ಹಾಜರಿ ಪುಸ್ತಕನಾದ್ರೂ ಬೇಡ್ವಾ? ಬರೀ ಕೈ ತೊಳೆದಿದ್ದೇ ಇದೆ.”

“ಅವರು ಕಲಿತಿದ್ದೇ ಅದು ಸಾರ್.”

“ಕಟ್ಟಡ ನೋಡೋಕೆ ಕಮಿಟಿಯೋರು ಗುರುವಾರ ಬರ್ತಾರೆ. ಕಾಗದ ಇಲ್ಲ ಅಂದ್ರೆ ಅವತ್ತೇ ಕೆಡವಿ ಅಂತ ಬರೆದು ಮುಗಿಸ್ತಾರೆ. ನನ್ನ ಕೈಲಿ ಏನೂ ಇಲ್ಲ.”

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಕೈಯಲ್ಲೂ ಏನೂ ಇರಲಿಲ್ಲ. ಸೋಸಲೆಗೆ ಫೋನ್ ಮಾಡಿ, ಗುರುವಾರ ಎಲ್ಲ ಮುಗಿಯುತ್ತದೆ, ಅಜ್ಜಿಗೆ ಹೇಳಿಬಿಡಿ ಎಂದೆ.

ಗುರುವಾರದ ಪರೀಕ್ಷೆ

ಬಂದವರು ಮೂವರು. ಮೈಸೂರಿನ ಕಡೆಯಿಂದ ಒಬ್ಬ ಆಫೀಸರು, ಒಬ್ಬ ಇಂಜಿನಿಯರು, ಬರೆದುಕೊಳ್ಳುವುದಕ್ಕೆ ಒಬ್ಬ ಗುಮಾಸ್ತ. ನಮ್ಮ ಡಾಕ್ಟರೂ ನಾನೂ ಅವರನ್ನು ಹಿಂದಕ್ಕೆ ಕರೆದುಕೊಂಡು ಹೋದೆವು. ಇಂಜಿನಿಯರು ನಡೆಯುತ್ತಲೇ, “ಸರ್, ಎರಡು ದಿನದ ಕೆಲಸ. ಜೆಸಿಬಿ ರೆಡಿ ಇದೆ” ಎನ್ನುತ್ತಿದ್ದರು.

ಬಾಗಿಲಲ್ಲಿ ಸೋಸಲೆಯ ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮನೆಯವರು ಆಟೋದಲ್ಲಿ ಕರೆದುಕೊಂಡು ಬಂದಿದ್ದರು. ಕಾಲ ಬಳಿ ಒಂದು ಬಕೆಟ್ ನೀರು, ಚೊಂಬು, ಹೊಸ ಸೋಪು. ನಾನು ಕರೆದಿರಲಿಲ್ಲ. ಬಂದವರೇನಾದರೂ ರೇಗಿದರೆ ಆ ಮುದಿಜೀವಕ್ಕೆ ನನ್ನಿಂದ ಅವಮಾನವಾಗುತ್ತದಲ್ಲ ಎನಿಸಿತು.

“ಅಜ್ಜಿ, ಸ್ವಲ್ಪ ದಾರಿ ಬಿಡಿ” ಎಂದರು ಆಫೀಸರು.

“ಬುಡ್ತೀನಿ. ತೋಳು ಮಡಿಸ್ಕೊ ಮಗ.”

“ಯಾಕೆ?”

“ಇದು ಹೆರಿಗೆ ಕ್ಲಾಸು. ತೊಳೀದೆ ಯಾರೂ ಒಳಿಕ್ಕೆ ಓಗಂಗಿಲ್ಲ. ಮಾರಾಜ್ರು ಬಂದಿದ್ರೂ ಅಷ್ಟೇಯ.”

ಆಫೀಸರಿಗೆ ಐವತ್ತರ ಮೇಲೆ ವಯಸ್ಸು. ಕಟ್ಟುನಿಟ್ಟಿನ ಮನುಷ್ಯ ಎಂದು ಕೇಳಿದ್ದೆವು. ಅವರು ಅಜ್ಜಿಯ ಮುಖವನ್ನು ಒಂದು ಗಳಿಗೆ ನೋಡಿದರು. ಅಲ್ಲಿ ತಮಾಷೆ ಇರಲಿಲ್ಲ. ವಾಚು ಬಿಚ್ಚಿ ಗುಮಾಸ್ತನ ಕೈಗೆ ಕೊಟ್ಟು, ತೋಳು ಮಡಿಸಿ ಬಗ್ಗಿದರು. ಅಜ್ಜಿ ನೀರು ಹಾಕಿದರು.

“ತೊಳೀತಾ ನಿಮ್ಮ ಮನೆಯೋರ ಎಸ್ರು ಏಳು. ಎಲ್ಲಾರ್ದೂವೆ.”

ಆಫೀಸರು ಹೆಂಡತಿ, ಮಗಳು, ತಾಯಿ, ಅಣ್ಣ ಎಂದು ನಾಲ್ಕು ಹೆಸರು ಹೇಳಿದರು. ನೊರೆ ಇನ್ನೂ ಮಣಿಕಟ್ಟು ದಾಟಿರಲಿಲ್ಲ. ಇನ್ನೊಂದು ಹೆಸರಿಗೆ ಯೋಚಿಸಿ, ಸುಮ್ಮನಾದರು.

“ಇಷ್ಟೇನಾ ನಿಂಗೆ ಇರೋರು?” ಎಂದು ಅಜ್ಜಿ ಕೇಳಿದರು. ಗದರಿಸಿದ್ದಲ್ಲ, ಮರುಕದಿಂದ ಕೇಳಿದ್ದು. “ಓಗ್ಲಿ ಬುಡು. ನಂಗೂವೆ ಇರ್ನಿಲ್ಲ. ನಂದು ಏಳ್ಕೊಡ್ತೀನಿ, ಇಂದಿಂದೆ ಏಳು.”

ಅಜ್ಜಿ ಹೇಳುತ್ತ ಹೋದರು. ಆಫೀಸರು ಒಂದೊಂದೇ ಹೆಸರನ್ನು ಹೇಳುತ್ತ ಮೊಣಕೈವರೆಗೆ ತಿಕ್ಕಿದರು. ಹೆಮ್ಮಿಗೆ ಗೌರಮ್ಮ. ತಲಕಾಡು ಪುಟ್ಟನಂಜಮ್ಮ. ಹದಿನಾರು ಸಣ್ಣತಾಯಮ್ಮ. ನಮ್ಮವ್ವನ ಹೆಸರನ್ನು ಅಷ್ಟು ದೊಡ್ಡ ಅಧಿಕಾರಿಯೊಬ್ಬರು ಅಷ್ಟು ಜೋಪಾನವಾಗಿ ಹೇಳಿದ್ದನ್ನು ಅವಳು ಇದ್ದಾಗ ಯಾರೂ ಕೇಳಿರಲಿಲ್ಲ. ನಾನು ಕಂಬದ ಮರೆಗೆ ಹೋಗಿ ಅತ್ತೆ.

ಹದಿನೆಂಟು ಹೆಸರು ಮುಗಿದ ಮೇಲೆ ಆಫೀಸರು ನೀರು ಸೋರುವ ಕೈಗಳನ್ನು ಮೇಲೆ ಹಿಡಿದುಕೊಂಡು, “ಇವರೆಲ್ಲ ಯಾರು?” ಎಂದರು.

“ನನ್ ಜೊತೆ ಈ ರೂಮ್ನಲ್ಲಿ ಕಲಿತೋರು. ದಿನಾ ಇದೇ ಸಾಲಲ್ಲೇ ನಿಂತ್ಕತಿದ್ದೊ.”

ಆಫೀಸರು ಗುಮಾಸ್ತನ ಕಡೆ ತಿರುಗಿ, “ಬರೀರಿ. ಹಾಜರಿ ಪಟ್ಟಿ ಲಭ್ಯವಿದೆ. ಹದಿನೆಂಟು ಹೆಸರು, ಊರು ಸಮೇತ” ಎಂದರು.

ಆಮೇಲೆ ಗುಮಾಸ್ತ ತೊಳೆದ. ನಮ್ಮ ಡಾಕ್ಟರೂ ತೊಳೆದರು. ಅಜ್ಜಿ ಒಬ್ಬೊಬ್ಬರ ಉಗುರನ್ನೂ ಬಿಸಿಲಿಗೆ ತಿರುಗಿಸಿ ನೋಡಿದರು. ಆಫೀಸರದ್ದು ಎರಡು ಬೆರಳು ಸರಿಯಿಲ್ಲ. ಗುಮಾಸ್ತನದ್ದು ಇಂಕು. ಡಾಕ್ಟರದ್ದು ನೋಡಿ, “ನೀನು ಡಾಕುಟ್ರಾ?” ಎಂದು ಮಾತ್ರ ಕೇಳಿ ಕೈ ಬಿಟ್ಟರು. ಕೊನೆಗೆ ಉಳಿದವರು ಇಂಜಿನಿಯರು. ಅವರು ಎಡಗೈ ಕಿರುಬೆರಳಿನಲ್ಲಿ ಉದ್ದನೆಯ ಉಗುರು ಬಿಟ್ಟಿದ್ದರು. ಅದಕ್ಕೆ ಬಣ್ಣವಿಲ್ಲದ ಪಾಲಿಶ್ ಕೂಡ ಇತ್ತು.

“ಇದ ಕತ್ತರಿಸ್ಕೊಂಡು ಬಾ” ಎಂದರು ಅಜ್ಜಿ.

“ಆಗಲ್ಲಮ್ಮ. ಹನ್ನೆರಡು ವರ್ಷದಿಂದ ಬಿಟ್ಟಿದ್ದೀನಿ.”

“ಅಂಗಾದ್ರೆ ಆಚೇಲೇ ನಿಂತ್ಕೊ.”

ಇಂಜಿನಿಯರು ಆಫೀಸರ ಮುಖ ನೋಡಿದರು. ಆಫೀಸರು ತಮ್ಮ ಎರಡು ಬೆರಳು ನೋಡಿಕೊಂಡರು. ಯಾರೂ ಒಳಗೆ ಹೋಗಲಿಲ್ಲ. ಒಳಗೆ ಹೋಗಿ ಗೋಡೆ ನೋಡದೆ ಕಟ್ಟಡ ಕೆಡವಲು ಬರೆಯುವ ಹಾಗಿಲ್ಲ ಎಂದು ಗುಮಾಸ್ತ ಮೆಲ್ಲಗೆ ನೆನಪಿಸಿದ.

ಎರಡು ವಾರದ ಮೇಲೆ ಆದೇಶ ಬಂತು. ಡಾಕ್ಟರು ನನ್ನನ್ನು ಕರೆದು ಗಟ್ಟಿಯಾಗಿ ಓದಿದರು. ಕಟ್ಟಡದ ಸದ್ಯದ ಬಳಕೆ: ವೈದ್ಯಕೀಯ ಶಾಲೆ, ಪಾಠ ನಡೆಯುತ್ತಿದೆ. ಶಿಕ್ಷಕಿ: ಒಬ್ಬರು. ಪರಿಶೀಲನೆಯ ದಿನ ಹಾಜರಿದ್ದ ವಿದ್ಯಾರ್ಥಿಗಳು: ನಾಲ್ವರು. ಉತ್ತೀರ್ಣರಾದವರು: ಯಾರೂ ಇಲ್ಲ. ಸದರಿ ನಾಲ್ವರೂ ಮರುಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಒಳಗೆ ಪ್ರವೇಶಿಸಿ ಪರಿಶೀಲಿಸುವವರೆಗೆ ಕಟ್ಟಡವನ್ನು ಕೆಡವತಕ್ಕದ್ದಲ್ಲ.

ಅವತ್ತು ಸಂಜೆಯೇ ಸೋಸಲೆಗೆ ಹೋಗಿ ಅಜ್ಜಿಗೆ ಓದಿ ಹೇಳಿದೆ. ಅರ್ಥವಾಗಲಿಲ್ಲವೇನೋ ಎಂದು ಬಿಡಿಸಿಯೂ ಹೇಳಿದೆ. ನಾಲ್ವರೂ ಪಾಸಾಗುವವರೆಗೆ ನಮ್ಮ ಸ್ಕೂಲಿಗೆ ಯಾರೂ ಕೈ ಹಚ್ಚುವುದಿಲ್ಲ, ಆಮೇಲಿನದು ಹೇಳಲಾಗುವುದಿಲ್ಲ ಎಂದೆ.

ಅಜ್ಜಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

“ಆಪೀಸ್ರಪ್ಪ ಪಾಸಾಯ್ತನೆ, ಒಳ್ಳೇನು. ಗುಮಾಸ್ತಪ್ಪನೂ ಆಗ್ಬೋದು. ಡಾಕುಟ್ರುಗೆ ನಾನೇ ಏಳ್ಕೊಡ್ತೀನಿ. ಆ ಇಂಜಿನೇರಪ್ಪ ಮಾತ್ರ ಈ ಜನ್ಮದಲ್ಲಿ ಆಗಕಿಲ್ಲ. ನೀನು ನೆಮ್ಮದಿಯಾಗಿ ಮನೀಕೊ ಓಗು ಮಗ.”